ಆರೋಪಿಯ ಅಂಗಿಯಲ್ಲಿದ್ದ ಗಾಜಿನ ಚೂರು ಒಡೆದ ಕಿಟಕಿಗೆ ‘ಹೊಂದುತ್ತದೆ’ ಎಂದರೆ ಆರೋಪ ಸಾಬೀತಾದಂತೆಯೇ?

ಕಳ್ಳತನ ನಡೆದ ಮನೆಯ ಕಿಟಕಿಯ ಗಾಜಿಗೂ ಆರೋಪಿಯ ಅಂಗಿಯಲ್ಲಿ ಸಿಕ್ಕ ಚೂರುಗಳಿಗೂ ಹೊಂದಿಕೆ ಇದೆ ಎಂದು ಪ್ರಯೋಗಾಲಯ ವರದಿ ಕೊಟ್ಟ ಮೇಲೆ ವಿಚಾರಣೆಯಲ್ಲಿ ಇನ್ನೇನು ಉಳಿಯುತ್ತದೆ ಎಂದು ಕೇಳಿದ್ದೀರಿ. ಬಹಳಷ್ಟು ಉಳಿಯುತ್ತದೆ. ಗಾಜು, ನೂಲೆಳೆ, ಬಣ್ಣದ ಚಕ್ಕೆಗಳನ್ನು ಹೋಲಿಸುವ ಕೆಲಸವನ್ನೇ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಹಲವು ವರ್ಷ ಮಾಡಿದವನು ನಾನು. ನಮ್ಮ ವರದಿಯ ‘ಹೊಂದುತ್ತದೆ’ ಎಂಬ ಪದಕ್ಕೆ ಅರ್ಥ ಇಷ್ಟೇ: ನಾವು ಅಳೆದ ಗುಣಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಚೂರು ಆ ಕಿಟಕಿಯದೇ ಎಂದು ಅದು ಹೇಳುವುದಿಲ್ಲ.

ಅಳೆಯುವ ಬಗೆಯನ್ನೇ ನೋಡಿ. ಕಣ್ಣಿಗೆ ಕಂಡೂ ಕಾಣದಂತಿರುವ ಚೂರನ್ನು ಸಿಲಿಕೋನ್ ಎಣ್ಣೆಯ ಹನಿಯಲ್ಲಿ ಮುಳುಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನಿಧಾನವಾಗಿ ಬಿಸಿ ಮಾಡುತ್ತೇವೆ. ಮೊದಲಿಗೆ ಚೂರಿನ ಅಂಚು ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಬಿಸಿಯೇರಿದಂತೆ ಎಣ್ಣೆಯ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಇಳಿಯುತ್ತ ಬರುತ್ತದೆ, ಗಾಜಿನದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ; ಎರಡೂ ಸಮವಾದ ಕ್ಷಣದಲ್ಲಿ ಗೆರೆ ಅಳಿಸಿಹೋಗಿ, ಚೂರು ಎಣ್ಣೆಯೊಳಗೆ ಕರಗಿತೇನೋ ಎಂಬಂತೆ ಮರೆಯಾಗುತ್ತದೆ. ಎಷ್ಟು ಬಾರಿ ನೋಡಿದ್ದರೂ ಆ ಕ್ಷಣಕ್ಕೆ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಆ ಉಷ್ಣತೆಯಿಂದ ಗಾಜಿನ ಸೂಚ್ಯಂಕವನ್ನು ದಶಮಾಂಶದ ನಾಲ್ಕನೆಯ ಸ್ಥಾನದವರೆಗೂ ನೆಚ್ಚಿಕೊಂಡು ಹೇಳಬಹುದು. ಆದರೆ ಕಿಟಕಿ ಗಾಜುಗಳೆಲ್ಲ 1.52ರ ಆಸುಪಾಸಿನಲ್ಲೇ ಇರುತ್ತವೆ. ತಯಾರಿಕೆ ಸುಧಾರಿಸಿದಷ್ಟೂ ಅವುಗಳ ನಡುವಿನ ಅಂತರ ಕಿರಿದಾಗಿದೆ. ಅದಕ್ಕಾಗಿಯೇ ಲೇಸರ್‌ನಿಂದ ಚೂರನ್ನು ಕೆತ್ತಿ, ಅತ್ಯಲ್ಪ ಪ್ರಮಾಣದಲ್ಲಿರುವ ಸ್ಟ್ರಾನ್ಷಿಯಂ, ಜಿರ್ಕೋನಿಯಂನಂತಹ ಧಾತುಗಳನ್ನೂ ಅಳೆಯುತ್ತಾರೆ. ಅಲ್ಲಿಯೂ ಹೊಂದಿದರೆ ಸಾಕ್ಷ್ಯದ ತೂಕ ಖಂಡಿತ ಹೆಚ್ಚುತ್ತದೆ, ಆದರೂ ಒಂದೇ ಕುಲುಮೆಯಿಂದ ಒಂದೇ ಅವಧಿಯಲ್ಲಿ ಹೊರಬಂದ ಗಾಜು ಎಷ್ಟೋ ಕಟ್ಟಡಗಳಲ್ಲಿ ಇರುತ್ತದೆ. ಒಡೆದ ಎರಡು ತುಂಡುಗಳು ಅಂಚಿಗೆ ಅಂಚು ಕೂಡಿ, ಒಡಕಿನ ಮೈಮೇಲಿನ ಗೀರುಗಳೂ ಒಂದರಿಂದ ಇನ್ನೊಂದಕ್ಕೆ ಮುಂದುವರಿದರೆ ಮಾತ್ರ, ಇವು ಒಂದೇ ಗಾಜಿನವು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಮುಂದಿನ ಪ್ರಶ್ನೆ, ಚೂರು ಅಂಗಿಗೆ ಬಂದದ್ದು ಹೇಗೆ ಎಂಬುದು. ಗಾಜು ಒಡೆದಾಗ ಚೂರುಗಳು ಒಡೆದವನ ಕಡೆಗೂ ಸಿಡಿಯುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಕೆಲವೇ ಗಂಟೆಗಳಲ್ಲಿ ಬಟ್ಟೆಯಿಂದ ಉದುರಿಹೋಗುತ್ತವೆ. ಹೀಗಾಗಿ ಘಟನೆಯ ಬೆನ್ನಿಗೇ ವಶಪಡಿಸಿಕೊಂಡ ಅಂಗಿಯ ಭುಜದ ಮೇಲೆ ಸಿಕ್ಕ ಹತ್ತು ಚೂರುಗಳಿಗೂ, ವಾರದ ನಂತರ ಬೂಟಿನ ಅಟ್ಟೆಯಲ್ಲಿ ಸಿಕ್ಕ ಒಂದು ಚೂರಿಗೂ ಹೋಲಿಕೆಯೇ ಇಲ್ಲ. ಕಿಟಕಿಯ ಮಾದರಿ ಗಾಜನ್ನೂ ಅಂಗಿಯನ್ನೂ ಒಬ್ಬರೇ ಮುಟ್ಟಿದ್ದರೆ ಎಲ್ಲವೂ ಅನುಮಾನಕ್ಕೆ ಎಡೆಯಾಗುತ್ತದೆ. ಲಂಡನ್ನಿನಲ್ಲಿ 1993ರಲ್ಲಿ ನಡೆದ ಸ್ಟೀಫನ್ ಲಾರೆನ್ಸ್ ಕೊಲೆಯ ವಿಚಾರಣೆಯಲ್ಲಿ ಸೂಕ್ಷ್ಮ ರಕ್ತದ ಕಲೆ ಮತ್ತು ನೂಲೆಳೆಗಳೇ ಮುಖ್ಯ ಸಾಕ್ಷ್ಯವಾಗಿದ್ದವು. ವರ್ಷಗಟ್ಟಲೆ ಸಂಗ್ರಹಿಸಿಟ್ಟ ಚೀಲಗಳಲ್ಲಿ ಅವು ಬೆರಕೆಯಾಗಿವೆ ಎಂಬುದೇ ಪ್ರತಿವಾದಿಗಳ ಪ್ರಬಲ ವಾದವಾಗಿತ್ತು. ಆ ವಾದವನ್ನು ಪೂರ್ತಿ ಆಲಿಸಿದ ಮೇಲೆಯೇ ಜ್ಯೂರಿ 2012ರಲ್ಲಿ ಇಬ್ಬರನ್ನು ತಪ್ಪಿತಸ್ಥರೆಂದಿತು.

ತಜ್ಞರು ಅಳತೆ ಮೀರಿ ಮಾತಾಡಿದರೆ ಆಗುವ ಅನ್ಯಾಯ ಸಣ್ಣದಲ್ಲ. ಸೂಕ್ಷ್ಮದರ್ಶಕದಲ್ಲಿ ಕೂದಲು ಹೋಲಿಸಿ ತನ್ನ ತಜ್ಞರು ನುಡಿದ ಸಾಕ್ಷ್ಯಗಳನ್ನು ಮರುಪರಿಶೀಲಿಸಿದ ಅಮೆರಿಕದ ಎಫ್‌ಬಿಐ, ನೋಡಿದ ವಿಚಾರಣೆಗಳಲ್ಲಿ ಕನಿಷ್ಠ ಶೇ. 90ರಲ್ಲಿ ತಪ್ಪು ಹೇಳಿಕೆಗಳಿದ್ದವು ಎಂದು 2015ರಲ್ಲಿ ಒಪ್ಪಿಕೊಂಡಿತು. ವಾಷಿಂಗ್ಟನ್ನಿನ ಒಂದು ಕೊಲೆ ಪ್ರಕರಣದಲ್ಲಿ ಆರೋಪಿಯದಕ್ಕೆ ಹೊಂದುತ್ತದೆ ಎಂದು ನಂಬಲಾಗಿದ್ದ ಕೂದಲುಗಳು ಅವನವಲ್ಲವೆಂದೂ, ಅವುಗಳಲ್ಲಿ ಒಂದು ನಾಯಿಯದೆಂದೂ ಡಿಎನ್‌ಎ ಪರೀಕ್ಷೆ ತೋರಿಸುವ ಹೊತ್ತಿಗೆ ಆ ಮನುಷ್ಯ ದಶಕಗಳನ್ನು ಸೆರೆಯಲ್ಲಿ ಕಳೆದಿದ್ದ.

ಆದ್ದರಿಂದ ಪಾಟೀಸವಾಲಿನಲ್ಲಿ ವಕೀಲರು ಕೇಳಬೇಕಾದದ್ದು ‘ಹೊಂದಿತೇ?’ ಎಂದಷ್ಟೇ ಅಲ್ಲ. ಎಷ್ಟು ಚೂರು ಸಿಕ್ಕವು, ಅಂಗಿಯ ಯಾವ ಭಾಗದಲ್ಲಿ, ಹೊಂದದೆ ಉಳಿದ ಚೂರುಗಳೆಷ್ಟು, ಇಂಥ ಗಾಜು ಬೇರೆಡೆ ಎಷ್ಟು ಸಾಮಾನ್ಯ ಎಂದೂ ಕೇಳಬೇಕು. ಕಟಕಟೆಯಲ್ಲಿ ನಿಂತ ನನಗೆ ಈ ಕೊನೆಯ ಪ್ರಶ್ನೆಯನ್ನು ಕೇಳಿದವರು ತೀರ ವಿರಳ. ಕೇಳಿದಾಗಲೆಲ್ಲ ನ್ಯಾಯಾಧೀಶರು ನನ್ನ ಉತ್ತರವನ್ನು ತಮ್ಮ ಕೈಯಾರೆ ಬರೆದುಕೊಂಡಿದ್ದಾರೆ.