ಡಾಕ್ಟರನ್ನು ಕೇಳಿ: ನೈಟ್ ಶಿಫ್ಟು, ನಡುರಾತ್ರಿ ಊಟ, ಶುಗರ್

ಪ್ರಶ್ನೆ: ನಮ್ಮನೆಯವರಿಗೆ 36 ವರ್ಷ. ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ, ವಾರ ಬಿಟ್ಟು ವಾರ ನೈಟ್ ಶಿಫ್ಟು. ಬೆಳಿಗ್ಗೆ ಕಂಪನಿ ಬಸ್ಸಿಳಿದು ಮನೆ ಸೇರುವಾಗ ಏಳೂವರೆ. ಮಲಗಿದರೆ ಹನ್ನೊಂದಕ್ಕೆಲ್ಲ ಎಚ್ಚರ. ಈಚೆಗೆ ಹೊಟ್ಟೆ ಬಂದಿದೆ, ಖಾಲಿ ಹೊಟ್ಟೆಯ ಶುಗರ್ 116 ತೋರಿಸಿದೆ. ಅತ್ತೆ, ಮಾವ ಇಬ್ಬರಿಗೂ ಶುಗರ್ ಇದೆ. ಇವರ ಸ್ನೇಹಿತರೊಬ್ಬರು ‘ಮೆದುಳಿನ ಪೀನಿಯಲ್ ಗ್ರಂಥಿ ಕೆಟ್ಟಿರಬೇಕು, ಸ್ಕ್ಯಾನ್ ಮಾಡಿಸು’ ಅಂತ ಹೇಳಿ ಮೆಲಟೋನಿನ್ ಮಾತ್ರೆ ತಂದುಕೊಟ್ಟಿದ್ದಾರೆ. ಕೊಡಬಹುದಾ ಡಾಕ್ಟ್ರೇ?
– ಹೆಸರು ಬೇಡ, ಬಂಗಾರಪೇಟೆ ತಾಲ್ಲೂಕು

ಉತ್ತರ: ಅಮ್ಮ, ಮೊದಲು ಸ್ಕ್ಯಾನಿನ ಯೋಚನೆ ಬಿಡಿ. ನೀವು ಬರೆದಿರುವುದರಲ್ಲಿ ಗ್ರಂಥಿ ಕೆಟ್ಟಿದೆ ಅನ್ನಿಸುವ ಲಕ್ಷಣ ಒಂದೂ ಇಲ್ಲ. ಅದು ತನ್ನ ಕೆಲಸ ಮಾಡುತ್ತಲೇ ಇದೆ. ‘ಈಗ ರಾತ್ರಿ’ ಎಂದು ಅದು ಮೈಗೆಲ್ಲ ತಿಳಿಸುವ ಹೊತ್ತಿನಲ್ಲಿ ನಿಮ್ಮ ಯಜಮಾನರು ಕ್ಯಾಂಟೀನಿನಲ್ಲಿ ತಟ್ಟೆ ಮುಂದೆ ಕೂತಿರುತ್ತಾರೆ. ತೊಂದರೆ ಇರುವುದು ಅಲ್ಲಿ.

ಪೀನಿಯಲ್ ಗ್ರಂಥಿ ಮೆದುಳಿನ ನಟ್ಟನಡುವೆ ಇದೆ, ಅಕ್ಕಿಕಾಳಿಗಿಂತ ತುಸು ದೊಡ್ಡದು. ಅದಕ್ಕೆ ಬೆಳಕು ನೇರವಾಗಿ ತಾಕುವುದಿಲ್ಲ. ಕಣ್ಣಿನ ಪರದೆಯಿಂದ ಸುದ್ದಿ ಮೊದಲು ಮೆದುಳಿನ ತಳದಲ್ಲಿರುವ ಮುಖ್ಯ ಗಡಿಯಾರಕ್ಕೆ ಹೋಗುತ್ತದೆ. ಸುಮಾರು 20,000 ನರಕೋಶಗಳ ಪುಟ್ಟ ಗುಂಪು ಅದು. ಅಲ್ಲಿಂದ ಬೆನ್ನುಹುರಿಗೆ ಇಳಿದು, ಕುತ್ತಿಗೆಯ ನರಗಂಟಿಗೆ ಬಂದು, ಮತ್ತೆ ತಲೆಗೆ ಹತ್ತಿ ಪೀನಿಯಲ್ ಮುಟ್ಟುತ್ತದೆ. ಇಷ್ಟು ಸುತ್ತಿ ಬಂದ ಸುದ್ದಿ ‘ಕತ್ತಲಾಯಿತು’ ಎಂದಾದರೆ ಆ ಗ್ರಂಥಿ ತಯಾರಿಸುವ ಮೆಲಟೋನಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯಲು ಶುರುವಾಗುತ್ತದೆ. ಮಲಗುವ ಅಭ್ಯಾಸದ ಹೊತ್ತಿಗಿಂತ ಸುಮಾರು ಎರಡು ಗಂಟೆ ಮೊದಲು ಏರತೊಡಗಿ, ರಾತ್ರಿ ಎರಡರಿಂದ ನಾಲ್ಕರೊಳಗೆ ತುದಿ ಮುಟ್ಟಿ, ಬೆಳಗಾಗುತ್ತ ಇಳಿಯುತ್ತದೆ. ಈ ಹಾರ್ಮೋನನ್ನು ಮೊದಲು ಬೇರ್ಪಡಿಸಿದ್ದು 1958ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್. ಜೋರು ಬೆಳಕು ಮನುಷ್ಯರಲ್ಲಿ ಅದನ್ನು ತಡೆಯುತ್ತದೆ ಎಂದು ಗೊತ್ತಾಗಿದ್ದು 1980ರಲ್ಲಿ. ನೀಲಿ ಛಾಯೆಯ ಎಲ್‌ಇಡಿ ಬೆಳಕಿಗೆ ಈ ಗುಣ ಹೆಚ್ಚು.

ಮೆಲಟೋನಿನ್ ಅಂದರೆ ನಿದ್ದೆ ಅಂತಷ್ಟೇ ಜನ ತಿಳಿದಿದ್ದಾರೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೂ ಅದನ್ನು ಹಿಡಿಯುವ ಗ್ರಾಹಕಗಳಿವೆ. ಮೆಲಟೋನಿನ್ ಬಂದು ಕೂತರೆ ಇನ್ಸುಲಿನ್ ಬಿಡುಗಡೆ ತಗ್ಗುತ್ತದೆ. ಮಲಗಿದವರು ಊಟ ಮಾಡುವುದಿಲ್ಲವಲ್ಲ, ಅವರಿಗೆ ಇದರಿಂದ ಏನೂ ಆಗದು. ಅದೇ ಹೊತ್ತಿಗೆ ಒಂದು ತಟ್ಟೆ ಅನ್ನ ಸಾಂಬಾರು ಹೊಟ್ಟೆಗೆ ಬಿದ್ದರೆ ಸಕ್ಕರೆ ಏರಿ ಬೇಗ ಇಳಿಯುವುದಿಲ್ಲ. ಸ್ಪೇನಿನಲ್ಲಿ 845 ಜನರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಡವಾಗಿ ಉಂಡಾಗ ರಕ್ತದಲ್ಲಿ ಮೆಲಟೋನಿನ್ ಮೂರೂವರೆ ಪಟ್ಟು ಹೆಚ್ಚಿತ್ತು; ಇನ್ಸುಲಿನ್ ಕಡಿಮೆ, ಸಕ್ಕರೆ ಹೆಚ್ಚು. ಮೆಲಟೋನಿನ್ ಗ್ರಾಹಕದ ಜೀನ್ ಒಂದು ಬಗೆಯಲ್ಲಿ ಇದ್ದವರಿಗೆ ಏರುಪೇರು ಇನ್ನೂ ಜಾಸ್ತಿ. ಅಪ್ಪ, ಅಮ್ಮ ಇಬ್ಬರಿಗೂ ಶುಗರ್ ಇರುವ ನಿಮ್ಮ ಯಜಮಾನರು ಊಟದ ಹೊತ್ತಿನ ಬಗ್ಗೆ ಇನ್ನಷ್ಟು ಎಚ್ಚರ ವಹಿಸಲೇಬೇಕು.

ಫ್ಯಾಕ್ಟರಿಯ ಬೆಳಕಿಗೆ ಮೆಲಟೋನಿನ್ ಸ್ವಲ್ಪ ತಗ್ಗಬಹುದು. ಆದರೆ ಒಳಗಿನ ಗಡಿಯಾರ ಒಂದು ವಾರದ ಶಿಫ್ಟಿಗೆ ಪೂರ್ತಿ ತಿರುಗುವುದಿಲ್ಲ. ತಿರುಗಲು ಶುರುಮಾಡುವಷ್ಟರಲ್ಲಿ ಮತ್ತೆ ಡೇ ಶಿಫ್ಟು. ಕೋಲಾರದ ನನ್ನ ಕ್ಲಿನಿಕ್ಕಿಗೆ ನರಸಾಪುರ, ವೇಮಗಲ್ ಕಡೆಯಿಂದ ಇಂಥ ಹುಡುಗರು ತುಂಬಾ ಬರುತ್ತಾರೆ. ಹಗಲು ಮಲಗುವವರನ್ನು ಮನೆಯಲ್ಲೇ ಸೋಮಾರಿ ಅನ್ನುವುದನ್ನು ಕೇಳಿದಾಗ ನನಗೆ ಬಹಳ ಸಂಕಟವಾಗುತ್ತದೆ.

ಈಗ ಮಾಡಬೇಕಾದ್ದು. ರಾತ್ರಿಯ ಮುಖ್ಯ ಊಟ ಬಸ್ಸು ಹತ್ತುವ ಮುಂಚೆ, ಎಂಟು ಗಂಟೆಯೊಳಗೆ ಮನೆಯಲ್ಲೇ ಮುಗಿಯಲಿ. ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ಇಷ್ಟಿದ್ದರೆ ಹೊಟ್ಟೆ ತಡೆಯುತ್ತದೆ. ನಡುರಾತ್ರಿ ಕ್ಯಾಂಟೀನಿನ ಅನ್ನ, ಸಿಹಿ, ಬಿಸ್ಕತ್ತು ಬೇಡ. 2021ರ ಒಂದು ಪ್ರಯೋಗದಲ್ಲಿ 19 ಜನರನ್ನು ನೈಟ್ ಶಿಫ್ಟಿನ ಹಾಗೆ ಎಚ್ಚರವಿರಿಸಿದ್ದರು. ರಾತ್ರಿ ಉಂಡವರ ಸಕ್ಕರೆ ಶೇ 6.4ರಷ್ಟು ಏರಿತು, ಹಗಲಲ್ಲಷ್ಟೇ ಉಂಡವರಿಗೆ ಏರಲಿಲ್ಲ. ಆದರೆ ರಾತ್ರಿಯೆಲ್ಲ ಮಷಿನ್ ಮುಂದೆ ನಿಲ್ಲುವವರಿಗೆ ಉಪವಾಸ ಇರಿ ಅಂತ ನಾನು ಹೇಳಲಾರೆ. ಹಸಿವಾದರೆ ಮಜ್ಜಿಗೆ, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ ಸಾಕು. (ಶುಗರಿಗೆ ಈಗಾಗಲೇ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಓದುಗರು ತಮ್ಮ ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬೇಡಿ.) ರಾತ್ರಿ ಮೂರು ಗಂಟೆಯ ಮೇಲೆ ಟೀ, ಕಾಫಿ ಬೇಡ.

ಹನ್ನೊಂದಕ್ಕೆ ಎಚ್ಚರವಾಗಲು ಒಳಗಿನ ಗಡಿಯಾರವೂ ಕಾರಣ, ಬಿಸಿಲೂ ಕಾರಣ. ಶೀಟಿನ ಮನೆಯಾದರೆ ಆ ಹೊತ್ತಿಗೆ ಕಾದು ಬೆಂಕಿಯಾಗಿರುತ್ತದೆ. ಮನೆಯಲ್ಲಿ ತಂಪಿರುವ ಕೋಣೆ ಅವರಿಗೆ ಕೊಡಿ. ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ ಕಟ್ಟಿ, ಫೋನು ಹೊರಗಿಡಿ, ಕುಕ್ಕರ್ ಕೂಗಿಸುವುದನ್ನು ಅವರು ಏಳುವ ತನಕ ತಡೆಯಿರಿ.

ಮಾತ್ರೆ? ನಿಮ್ಮಷ್ಟಕ್ಕೆ ನೀವೇ ಕೊಡಬೇಡಿ. ಹಗಲು ನಿದ್ದೆಗೆ ಅದರಿಂದ ಸಿಗುವ ಲಾಭ ಅರ್ಧ ಗಂಟೆಗೂ ಕಡಿಮೆ, ಮಿಲಿಗ್ರಾಂ ಹೆಚ್ಚಿಸಿದರೆ ನಿದ್ದೆ ಹೆಚ್ಚುವುದೂ ಇಲ್ಲ. ಊಟದ ಹತ್ತಿರ ನುಂಗಿದರೆ ಮೇಲೆ ಹೇಳಿದ ಇನ್ಸುಲಿನ್ ತೊಂದರೆಯನ್ನು ನಾವೇ ತಂದುಕೊಂಡ ಹಾಗೆ. ನುಂಗಿ ಬೈಕ್ ಓಡಿಸುವುದಂತೂ ಅಪಾಯ.

116 ಇನ್ನೂ ಸಕ್ಕರೆ ಕಾಯಿಲೆಯಲ್ಲ; 100ರಿಂದ 125ರವರೆಗೆ ಅದರ ಹೊಸ್ತಿಲು. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ), ಬಿಪಿ ನೋಡಿಸಿ. ಅವರು ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತೆ ಆಗುತ್ತದೆಯಾ, ಗಮನಿಸಿ. ಹೌದಾದರೆ ಅದನ್ನೂ ವೈದ್ಯರಿಗೆ ತಪ್ಪದೆ ಹೇಳಿ.

ಪ್ರಶ್ನೆ: ನನಗೆ 58 ವರ್ಷ. ತಲೆ ಸುತ್ತಿ ಬಿದ್ದಾಗ ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ ‘ಪೀನಿಯಲ್ ಕ್ಯಾಲ್ಸಿಫಿಕೇಷನ್’ ಅಂತ ಬಂದಿದೆ. ಗೆಡ್ಡೆಯೇ?
– ಓದುಗರು, ಮಾಲೂರು

ಉತ್ತರ: ಅಲ್ಲಮ್ಮ. ವಯಸ್ಸಾದಂತೆ ಆ ಗ್ರಂಥಿಯಲ್ಲಿ ಸುಣ್ಣದ ಕಣಗಳು ಸೇರುವುದು ತೀರಾ ಸಾಮಾನ್ಯ. ಸಿ.ಟಿ. ಬರುವ ಮೊದಲು ತಲೆಯ ಎಕ್ಸ್‌ರೇ ನೋಡುವ ವೈದ್ಯರಿಗೆ ಈ ಬಿಳಿ ಚುಕ್ಕೆಯೇ ಗುರುತು. ಅದು ನಡುಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ಮಾತ್ರ ಒಳಗೇನೋ ಒತ್ತುತ್ತಿದೆ ಎಂದು ಅನುಮಾನಿಸುತ್ತಿದ್ದರು. ಇದಕ್ಕೆ ಔಷಧಿ ಬೇಕಿಲ್ಲ. ತಲೆ ಸುತ್ತಿದ್ದು ಯಾಕೆ ಎಂಬುದನ್ನು ಮಾತ್ರ ಬಿಡಬೇಡಿ: ಮಲಗಿದಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ಬಿಪಿ ನೋಡಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ನುಂಗುತ್ತಿರುವ ಮಾತ್ರೆಗಳ ಚೀಟಿಗಳನ್ನೆಲ್ಲ ವೈದ್ಯರ ಹತ್ತಿರ ತೆಗೆದುಕೊಂಡು ಹೋಗಿ.