ಕೊಡದ ಮೇಲಿನ ಏಟು, ಕಂಬಳಿಯ ಮಡಿಕೆ

ಪ್ರಶ್ನೆ: ನಾನು ಗದಗಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದೇನೆ. ವಸ್ತುಚಿತ್ರದ ಅಭ್ಯಾಸಕ್ಕೆಂದು ಮನೆಯಿಂದ ತಾಮ್ರದ ಕೊಡ, ಕರಿ ಕಂಬಳಿ ಮತ್ತು ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ತಂದು ಜೋಡಿಸಿದ್ದೇನೆ. ಬೆಳಕು, ನೆರಳು, ಆಕಾರಗಳನ್ನಷ್ಟೇ ನೋಡಬೇಕೆಂದು ಗುರುಗಳು ಹೇಳುತ್ತಾರೆ. ಇವುಗಳ ಹಿಂದಿನ ದುಡಿಮೆ ಮತ್ತು ಬೆಲೆ ಚಿತ್ರಕಾರನಿಗೆ ಬೇಕೇ? ಬೇಕಾದರೆ ತೋರಿಸುವುದು ಹೇಗೆ?

ಉತ್ತರ: ಗುರುಗಳ ಮಾತನ್ನು ಬಿಡಬೇಡಿ, ಇನ್ನಷ್ಟು ಬಿಗಿಯಾಗಿ ಹಿಡಿಯಿರಿ. ದುಡಿಮೆ ವಸ್ತುವಿನ ಹಿಂದೆಲ್ಲೋ ಇರುವುದಿಲ್ಲ, ಅದರ ಮೈಮೇಲೆಯೇ ಇರುತ್ತದೆ.

ತಾಮ್ರವು ಬಡಿದಷ್ಟೂ ಗಡುಸಾಗುವುದರಿಂದ ಕುಶಲಕರ್ಮಿಯು ಅದನ್ನು ಕಾಸಿ, ಮೆತ್ತಗೆ ಮಾಡಿಕೊಂಡು, ಮತ್ತೆ ಮತ್ತೆ ಬಡಿಯಬೇಕಾಗುತ್ತದೆ. ನಿಮ್ಮ ಕೊಡ ಕೈಯಿಂದ ಬಡಿದದ್ದಾದರೆ ಆ ಏಟುಗಳು ಸಣ್ಣ ಸಣ್ಣ ಚಪ್ಪಟೆ ಗುರುತುಗಳಾಗಿ ಉಳಿದಿರುತ್ತವೆ, ಮತ್ತು ಕಿಟಕಿಯ ಬೆಳಕು ಒಂದೇ ಪಟ್ಟಿಯಾಗಿ ಜಾರದೆ ಅಲ್ಲಿ ಚೂರುಚೂರಾಗಿ ಒಡೆಯುತ್ತದೆ. ಯಂತ್ರದಲ್ಲಿ ಒತ್ತಿ ತೆಗೆದ ಸ್ಟೀಲ್ ಕೊಡವೊಂದನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಕಂಬಳಿಯಂತೂ ಇನ್ನೂ ಹೆಚ್ಚು ಹೇಳುತ್ತದೆ. ಕೈಯಿಂದ ನೂತ ಉಣ್ಣೆಯ ಎಳೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು. ಹಾಸಿನ ಎಳೆಗಳಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಹಚ್ಚಿ ನೇಯುವುದರಿಂದ ಹೊಸ ಕಂಬಳಿ ರೇಷ್ಮೆಯಂತೆ ಇಳಿಬೀಳುವುದಿಲ್ಲ. ಅದರ ಮಡಿಕೆಗಳು ಹಲಗೆಯಂತೆ ಸೆಟೆದು ನಿಲ್ಲುತ್ತವೆ. ಅದರ ಕಪ್ಪು ಕುರಿಯದೇ ಬಣ್ಣವಾಗಿದ್ದರೆ ಬಿಸಿಲಿನಲ್ಲಿ ಕಂದು ಛಾಯೆ ಎದ್ದು ಬರುತ್ತದೆ, ಆದ್ದರಿಂದ ಟ್ಯೂಬಿನ ಕಪ್ಪನ್ನು ಹಾಗೆಯೇ ಬಳಿಯಬೇಡಿ. ಮೆಣಸಿನಕಾಯಿಯ ತೊಟ್ಟು ತೆಗೆದಿದೆಯೇ ಎಂಬುದನ್ನೂ ನೋಡಿ. ಬ್ಯಾಡಗಿಯಲ್ಲಿ ದಿನವಿಡೀ ಕುಳಿತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಉಗುರಿನ ಗುರುತು ಆ ಹರಿದ ತುದಿಯಲ್ಲಿದೆ.

ಇನ್ನು ಬೆಲೆಯ ಮಾತು. ಡಚ್ ಚಿತ್ರಕಾರ ಪೀಟರ್ ಕ್ಲಾಸ್ 1627ರಲ್ಲಿ ಬರೆದ, ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ಊಟದ ಮೇಜಿನ ಚಿತ್ರವೊಂದರಲ್ಲಿ, ಪಂಚಾಂಗದ ಹಾಳೆಯನ್ನು ಸುರುಳಿ ಸುತ್ತಿದ ಪೊಟ್ಟಣದೊಳಗೆ ಕರಿಮೆಣಸು ಇದೆ. ಪಕ್ಕದಲ್ಲಿ ಚೀನಾದ ಪಿಂಗಾಣಿ ಬಟ್ಟಲಿದೆ. ಏಷ್ಯಾದೊಡನೆ ವ್ಯಾಪಾರ ಮಾಡುತ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿ 1602ರಲ್ಲೇ ಸ್ಥಾಪನೆಯಾಗಿತ್ತು. ಇಂಥ ಸರಕು ಸಮುದ್ರ ದಾಟಿ ಬಂದದ್ದೆಂಬುದು ಆ ಚಿತ್ರ ಕೊಂಡವರಿಗೆ ಗೊತ್ತಿತ್ತು. ಶಿರಸಿಯ ಮೆಣಸನ್ನು ಸಂತೆಯಲ್ಲಿ ಅಳೆಯಿಸಿಕೊಂಡು ಬರುವ ನಮಗೆ ಅದನ್ನು ಸಿರಿವಂತಿಕೆಯ ಗುರುತಾಗಿ ಕಾಣುವುದು ಸುಲಭವಲ್ಲ. ಕ್ಲಾಸನ ಕೈಚಳಕಕ್ಕೆ ನಾನು ಎಂದೋ ಮಾರುಹೋಗಿದ್ದೇನೆ. ಆದರೂ ಆ ಮೇಜಿನಲ್ಲಿ ಕೊಂಡವನ ಐಶ್ವರ್ಯ ಕಾಣುವಷ್ಟು ಮೆಣಸು ಕೊಯ್ದವನ ಬೆವರು ಕಾಣುವುದಿಲ್ಲ, ಮತ್ತು ಈ ಕೊರತೆ ನನ್ನನ್ನು ಇಂದಿಗೂ ಕಾಡುತ್ತದೆ.

ಅದಕ್ಕೇ ನನಗೆ ಫ್ರಾನ್ಸಿನ ಚಿತ್ರಕಾರ ಶಾರ್ದೆನ್ ಹೆಚ್ಚು ಹತ್ತಿರದವನು. ಸುಮಾರು 1734ರಲ್ಲಿ ಅವನು ನೀರು ತುಂಬಿಡುವ ತಾಮ್ರದ ಹಂಡೆಯೊಂದನ್ನೇ ಚಿತ್ರದ ನಡುವೆ ನಿಲ್ಲಿಸಿದ. ಸುತ್ತ ಇರುವುದು ಬಕೆಟ್ಟು, ಹೂಜಿಯಂಥ ಅಡುಗೆಮನೆಯ ಸಾಮಾನುಗಳು. ಅಲ್ಲಿ ತಾಮ್ರದ ತೂಕ ಕಣ್ಣಿಗೆ ತಾಗುತ್ತದೆ, ಅದರಿಂದ ದಿನವೂ ನೀರು ಹಿಡಿದವರ ಕೈ ನೆನಪಾಗುತ್ತದೆ.

ಆದ್ದರಿಂದ ದುಡಿಮೆಯನ್ನು ತೋರಿಸಲೆಂದು ಸುತ್ತಿಗೆಯನ್ನೋ ಮಗ್ಗವನ್ನೋ ತಂದು ಚಿತ್ರದಲ್ಲಿ ಸೇರಿಸುವ ಅಗತ್ಯವಿಲ್ಲ. ನಿಮ್ಮ ಕಂಬಳಿಯಲ್ಲಿ ಎರಡು ಪಟ್ಟಿಗಳನ್ನು ಸೇರಿಸಿ ಹೊಲಿದ ಗೆರೆಯಿದ್ದರೆ, ಈಗ ಅದನ್ನು ಅಂದಕ್ಕೆಂದು ಹಿಂದಕ್ಕೆ ಮಡಚಿದ್ದರೆ, ಬಿಡಿಸಿ ಬೆಳಕಿಗೆ ಬರುವಂತೆ ಹಾಸಿ, ಮತ್ತೊಮ್ಮೆ ಬರೆಯಿರಿ.