ಜಿಪಿಎಸ್ ಇದ್ದರೂ ಹೊಸ ಏರ್‌ಪೋರ್ಟ್‌ನಿಂದ ಮೇಲೇರುವಾಗ ಪೈಲಟ್ ದಾರಿ ತಪ್ಪುವುದು ಹೇಗೆ?

ಜಿಪಿಎಸ್ ತಪ್ಪುವುದು ಕಡಿಮೆ. ನಾವೇ ಅದಕ್ಕೆ ತಪ್ಪು ದಾರಿ ಹೇಳಿಕೊಡುವುದು ಜಾಸ್ತಿ.

ನಮ್ಮ ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟನ್ನೇ ತೆಗೆದುಕೊಳ್ಳಿ. ಮಳೆಗಾಲ, ಕೆಳಗೇ ಮೋಡ. ಕಿಟಕಿಯಾಚೆ ಏನೂ ಕಾಣದು. ಚಾರ್ಟ್‌ನಲ್ಲಿ, ಅಂದರೆ ಪೈಲಟ್‌ಗಳ ನಕ್ಷೆಯಲ್ಲಿ, ಕೊಟ್ಟ ದಾರಿಯಲ್ಲೇ ಉಪಕರಣ ನೋಡಿಕೊಂಡು ಏರಬೇಕು. ರನ್‌ವೇ 26ರಿಂದ ಪಶ್ಚಿಮಕ್ಕೆ ಹೊರಡುವುದೆಂದು ಕಂಪ್ಯೂಟರ್‌ಗೆ ತುಂಬಿಸಿದ್ದೀರಿ. ಅಷ್ಟರಲ್ಲಿ ಗಾಳಿ ತಿರುಗಿತು, ಟವರ್‌ನವರು 08 ಅಂದರು, ಅಂದರೆ ಅದೇ ರನ್‌ವೇಯ ಇನ್ನೊಂದು ತುದಿಯಿಂದ ಪೂರ್ವಕ್ಕೆ. ವಿಮಾನ ಆ ತುದಿಗೆ ಹೋಯಿತು, ಕಂಪ್ಯೂಟರ್‌ನಲ್ಲಿ 26 ಹಾಗೇ ಉಳಿಯಿತು. ಪರಿಚಯದ ಊರಾದರೆ ಪರದೆಯ ಗೆರೆ ನೋಡಿದ ಕೂಡಲೇ ಅನುಮಾನ ಬರುತ್ತದೆ. ಹೊಸ ಊರಲ್ಲಿ ಯಾವ ಗೆರೆಯೂ ಸರಿ ಅನ್ನಿಸುತ್ತದೆ, ಅಲ್ವಾ?

ಎತ್ತರವೂ ಮೋಸ ಮಾಡುತ್ತದೆ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ನೆಲದಿಂದ 400 ಅಡಿ ಏರಿ ತಿರುಗಬೇಕೆಂದರೆ ಸಮುದ್ರಮಟ್ಟದಿಂದ ಎತ್ತರ ತೋರಿಸುವ ಆಲ್ಟಿಮೀಟರ್ ಸುಮಾರು 2,900 ತೋರಿಸಬೇಕು. ಚೆನ್ನೈಯಂಥ ಕಡಲ ಮಟ್ಟದ ಊರಿಗೆ ಒಗ್ಗಿದ ಕಣ್ಣು ಚಿಕ್ಕ ಅಂಕಿಯನ್ನೇ ಹುಡುಕುತ್ತದೆ.

ಅಡ್ಡಗಾಳಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಪಕ್ಕಕ್ಕೆ ಸರಿಯುವುದು, ತುಂಬಿಸಿದ ದಾರಿ ಹಿಡಿಯುವ ಆಟೋಪೈಲಟ್‌ನ ಮೋಡ್ ಒತ್ತಲು ಮರೆಯುವುದು ಇದ್ದದ್ದೇ.

ಒಂದೇ ಅಕ್ಷರ ಎಷ್ಟು ದುಬಾರಿ ಗೊತ್ತೇ? 1995ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಇಳಿಯಲು ಹೊರಟ ಪೈಲಟ್‌ಗಳು ‘ರೋಸೋ’ ಎಂಬ ಬೀಕನ್‌ಗಾಗಿ (ದಾರಿ ತೋರಿಸುವ ರೇಡಿಯೋ ಕೇಂದ್ರ) ‘ಆರ್’ ಒತ್ತಿದರು. ಕಂಪ್ಯೂಟರ್ ಬೊಗೋಟಾ ಹತ್ತಿರದ ‘ರೋಮಿಯೋ’ ಹಿಡಿಯಿತು. ವಿಮಾನ ಬೆಟ್ಟಕ್ಕೆ ಬಡಿದು 159 ಜನ ಸತ್ತರು.

ಹಾಗಾಗಿ ರನ್‌ವೇ ಬದಲಾದರೆ ಅವಸರ ಬೇಡ, ವಿಮಾನ ನಿಲ್ಲಿಸಿ. ಒಬ್ಬರು ಚಾರ್ಟ್ ಜೋರಾಗಿ ಓದಲಿ, ಇನ್ನೊಬ್ಬರು ಪರದೆಯಲ್ಲಿ ಮೊದಲ ತಿರುವಿನ ದಿಕ್ಕು, ದೂರ, ಎತ್ತರ ತಾಳೆ ನೋಡಲಿ.